ಗೆರೆ ಹಾಡುತ್ತಾ? (ನಮ್ಮ ಚಿತ್ರ ನಮ್ಮ ಚರಿತ್ರೆ, ಕಂತು 7)

"ಇದನ್ನ ನಾನೂ ಗೀಚ್ತೀನಿ ಬಿಡು!" ಅಮೂರ್ತ ಚಿತ್ರ ಕಂಡ ಕೂಡ್ಲೇ ನಮ್ಮಲ್ಲಿ ಹೆಚ್ಚಿನವರು ಹೇಳೋದು ಇದನ್ನೇ. ಇವತ್ತು ಇಬ್ಬರ ಕಥೆ ಹೇಳ್ತೀನಿ. ಓದಿದ ಮೇಲೂ ಹಾಗೇ ಅನ್ನಿಸಿದ್ರೆ ಕಮೆಂಟಲ್ಲಿ ಜಗಳ ಆಡೋಣ.

ಮೊದಲನೆಯವರು ನಮ್ಮವರೇ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ್ರು. ರಾತ್ರಿಯಿಡೀ ಚೆಂಡೆ ಕೇಳಿಸೋ ಯಕ್ಷಗಾನದ ನಾಡು ಅದು. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಓದಿ, 1940ರಿಂದ 45ರವರೆಗೆ ಅಲ್ಲೇ ಮೇಷ್ಟ್ರಾಗಿದ್ರು. ಆಮೇಲೆ ಪ್ಯಾರಿಸ್‌ಗೂ ಹೋಗಿ ಕಲಿತು ಬಂದ್ರು.

ಚಿತ್ರ ಬರೆಯೋಕೆ ಇಷ್ಟು ಸಾಕಲ್ವಾ? ಹೆಬ್ಬಾರರಿಗೆ ಸಾಲಲಿಲ್ಲ. ಪಂಡಿತ್ ಸುಂದರ್ ಪ್ರಸಾದ್ ಅವರ ಹತ್ರ ಎರಡು ವರ್ಷ ಕಥಕ್ ಕಲಿತರು! ವೇದಿಕೆ ಹತ್ತೋ ಆಸೆಯಿಂದಲ್ಲ, ಲಯ ಅಂದ್ರೆ ಏನು ಅಂತ ಮೈಯಿಂದಲೇ ತಿಳಿಯೋಕೆ.

ಕಥಕ್‌ನಲ್ಲಿ ತೀನ್‌ತಾಲ ಅಂದ್ರೆ 16 ಮಾತ್ರೆ. ನರ್ತಕಿ ಎಷ್ಟೇ ಸುತ್ತಲಿ, ಎಷ್ಟೇ ವೇಗವಾಗಿ ಹೆಜ್ಜೆ ಹಾಕಲಿ, ಕೊನೆಗೆ ಸರಿಯಾಗಿ 'ಸಮ'ಕ್ಕೇ ಬಂದು ನಿಲ್ಲಬೇಕು. ಈಗ ಹೆಬ್ಬಾರರ ರೇಖಾಚಿತ್ರಗಳನ್ನ ನೋಡಿ. ಒಂದು ಗೆರೆ ಹೊರಡುತ್ತೆ, ಬಳುಕುತ್ತೆ, ತಿರುಗುತ್ತೆ, ಎಲ್ಲಿ ಮುಗಿಬೇಕೋ ಅಲ್ಲೇ ಮುಗಿಯುತ್ತೆ. ಕಣ್ಣು ಮೂಗು ಬಿಡಿಸಿರಲ್ಲ, ಆದ್ರೂ ಕುಣಿತಿದ್ದಾರೆ ಅಂತ ಗೊತ್ತಾಗುತ್ತೆ. ಆ ಚಿತ್ರಗಳ ಪುಸ್ತಕಕ್ಕೆ 'ದಿ ಸಿಂಗಿಂಗ್ ಲೈನ್', ಅಂದ್ರೆ ಹಾಡುವ ಗೆರೆ, ಅಂತಲೇ ಹೆಸರಾಯ್ತು. ಹೆಬ್ಬಾರರು ಆಕೃತಿಯನ್ನ ಪೂರ್ತಿ ಬಿಟ್ಟವರಲ್ಲ, ಅಮೂರ್ತದ ಹೊಸ್ತಿಲವರೆಗೂ ಹೋದವರು.

ಆ ಹೊಸ್ತಿಲು ದಾಟಿದವರು ಎರಡನೆಯವರು, ನಸ್ರೀನ್ ಮೊಹಮದಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಮುಂಬೈನಲ್ಲಿ ಬೆಳೆದು, ಬರೋಡಾದಲ್ಲಿ ಪಾಠ ಮಾಡಿದವರು. ಬಹ್ರೇನ್ ಕಡೆಯ ಮರಳುಗಾಡು ಅವರ ಕಣ್ಣಲ್ಲಿ ಕೂತುಬಿಟ್ಟಿತ್ತು, ಹಿಂದೂಸ್ತಾನಿ ಸಂಗೀತ ಕಿವಿಯಲ್ಲಿ. ಆದ್ರೆ ಅವರ ಚಿತ್ರದಲ್ಲಿ ಮರಳೂ ಇಲ್ಲ, ಒಂಟೆಯೂ ಇಲ್ಲ. ಪೆನ್ಸಿಲ್ಲು, ಶಾಯಿ, ಸ್ಕೇಲು ಹಿಡಿದು ಎಳೆದ ಸಣ್ಣ ಸಣ್ಣ ಗೆರೆಗಳು, ನಡುವೆ ಮೌನದಂಥ ಜಾಗ. ಕೈ ಹತೋಟಿ ತಪ್ಪಿಸೋ ನರದ ಕಾಯಿಲೆ ಬಂದಮೇಲೂ ಆ ಗೆರೆಗಳ ಶಿಸ್ತು ತಪ್ಪಲಿಲ್ಲ. 1990ರಲ್ಲಿ ತೀರಿಕೊಂಡ್ರು. 2016ರಲ್ಲಿ ನ್ಯೂಯಾರ್ಕ್‌ನ ಮೆಟ್ ಬ್ರಾಯರ್ ಮ್ಯೂಸಿಯಂ ಬಾಗಿಲು ತೆರೆದಾಗ ಅಲ್ಲಿದ್ದ ಮೊದಲ ಪ್ರದರ್ಶನಗಳಲ್ಲಿ ಒಂದು ಅವರದ್ದು.

ನಮ್ಮ ಬಿಕಾಂ ಭಾಷೆಲಿ ಹೇಳ್ತೀನಿ. ಬ್ಯಾಲೆನ್ಸ್ ಶೀಟಲ್ಲಿ ಅಂಗಡಿ ಕಾಣಲ್ಲ, ಗಿರಾಕಿ ಕಾಣಲ್ಲ. ಹಾಗಂತ ಸುಮ್ನೆ ಬರೆದ ಅಂಕಿ ಅಂತೀವಾ? ಅದರ ಹಿಂದೆ ವರ್ಷವಿಡೀ ಸೇರಿದ ಬಿಲ್ಲು, ವೋಚರು, ಲೆಡ್ಜರು ಇರುತ್ತೆ. ಹೆಬ್ಬಾರರ ಒಂದು ಗೆರೆಯ ಹಿಂದೆ ಎರಡು ವರ್ಷದ ಗೆಜ್ಜೆ ಇದೆ. ನಸ್ರೀನ್ ಅವರ ಗೆರೆಯ ಹಿಂದೆ ಒಂದಿಡೀ ಮರಳುಗಾಡಿದೆ. ಅಮೂರ್ತ ಅಂದ್ರೆ ಏನೂ ಕಲಿಯದೆ ಗೀಚೋದಲ್ಲ. ಎಲ್ಲಾ ಕಲಿತು, ಬೇಡದ್ದನ್ನ ಒಂದೊಂದಾಗಿ ಬಿಡೋದು. ಬಿಡಬೇಕು ಅಂದ್ರೆ ಮೊದಲು ನಿಮ್ಮ ಹತ್ರ ಇರಬೇಕಲ್ವಾ?

ಹೆಬ್ಬಾರರಿಗೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. 1996ರಲ್ಲಿ ತೀರಿಕೊಂಡ್ರು. ಅವರ ಚಿತ್ರಗಳು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿವೆ. ಕೆಂಗೇರಿ, ವಿಜಯನಗರದವರಿಗೆ ನೇರಳೆ ಮೆಟ್ರೋ ಒಂದೇ ಸಾಕು, ಕಬ್ಬನ್ ಪಾರ್ಕಲ್ಲಿ ಇಳೀರಿ. ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ. ತೆರೆದಿದ್ಯಾ ಅಂತ ವಿಚಾರಿಸಿಕೊಂಡು ಹೊರಡಿ. ಅಲ್ಲಿ ಒಂದೇ ಒಂದು ಗೆರೆ ಆರಿಸ್ಕೊಂಡು, ಅದು ಹೊರಟ ಜಾಗದಿಂದ ಮುಗಿಯೋವರೆಗೂ ಕಣ್ಣಲ್ಲೇ ಹಿಂಬಾಲಿಸಿ.

ಮುಂದಿನ ಕಂತು: ಕುಂಚ ಹಿಡಿದ ಕೈಗೆ ವೀಣೆಯ ಹುಚ್ಚು ಹತ್ತಿದ ಕೆ. ವೆಂಕಟಪ್ಪ.

#ಕೆಕೆಹೆಬ್ಬಾರ್ #ನಮ್ಮಚಿತ್ರನಮ್ಮಚರಿತ್ರೆ #ಕನ್ನಡ