ತಿಮ್ನಾದ ತಾಮ್ರದ ಗಣಿಗಳು

ಕೆಂಪು ಸಮುದ್ರದ ಅಕಾಬಾ ಕೊಲ್ಲಿಯಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರು ದೂರದಲ್ಲಿ, ಇಸ್ರೇಲ್ ದೇಶದ ದಕ್ಷಿಣ ಮರುಭೂಮಿಯಲ್ಲಿ, ತಿಮ್ನಾ ಎಂಬ ಕಣಿವೆಯುಂಟು. ವರ್ಷಕ್ಕೆ ಎರಡಂಗುಲ ಮಳೆಯೂ ಬೀಳದ ಆ ಪ್ರದೇಶದಲ್ಲಿ ಪುರಾತನರು ತೋಡಿದ ಗಣಿಬಾವಿಗಳು ಸಾವಿರಾರು. ಅವುಗಳನ್ನು ತೋಡಿಸಿದವರಾರು, ಅಲ್ಲಿ ದುಡಿದವರ ಸ್ಥಿತಿ ಎಂತಹುದು ಎಂಬುದು ವಿದ್ವಾಂಸರಲ್ಲಿ ಬಹುಕಾಲದ ವಿವಾದ.

ಮೊದಲು ಭೂಮಿಯ ವೃತ್ತಾಂತವನ್ನು ನೋಡೋಣ. 50 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರವು ಅಲ್ಲಿ ಹರಡಿದ ಶಿಲಾಪದರಗಳಲ್ಲಿ ತಾಮ್ರವು ಸೇರಿತು. ಬಹುಕಾಲಾನಂತರ ಅಂತರ್ಜಲವು ಅದನ್ನು ಕರಗಿಸಿ ಒಯ್ದು, ಬಿಳಿಯ ಮರಳುಗಲ್ಲಿನೊಳಗೆ ಹಸುರು ಗಂಟುಗಳಾಗಿ ನೆಲೆಗೊಳಿಸಿತು. ಆ ಕಲ್ಲು ಮೃದುವಾದುದರಿಂದ ಉಳಿಯಿಂದಲೇ ಅಗೆಯುವುದು ಸಾಧ್ಯವಾಯಿತು. ಅದಿರನ್ನು ಕುಟ್ಟಿ, ಇದ್ದಿಲೊಡನೆ ಕುಲುಮೆಗೆ ಹಾಕಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಬ್ಬಿಣದ ಅಥವಾ ಮ್ಯಾಂಗನೀಸಿನ ಅದಿರನ್ನು ಕೂಡಿಸಿದಾಗ ಕಲ್ಲಿನ ಅಂಶವು ಕಿಟ್ಟವಾಗಿ ಹರಿದು ತಾಮ್ರವು ಬೇರ್ಪಡುವುದು. ಆ ಕರಿಯ ಕಿಟ್ಟದ ರಾಶಿಗಳು ಇಂದಿಗೂ ಅಲ್ಲಿವೆ.

1934ರಲ್ಲಿ ಅವುಗಳನ್ನು ಪರಿಶೀಲಿಸಿದ ನೆಲ್ಸನ್ ಗ್ಲೂಕ್ ಎಂಬ ಪಂಡಿತರು, ಇವು ಕ್ರಿ.ಪೂ. 10ನೆಯ ಶತಮಾನದ ಸೊಲೊಮೋನ್ ದೊರೆಯ ಗಣಿಗಳೆಂದರು. ಅಂತಹ ಬಿಸಿಲಿನಲ್ಲಿ ಸ್ವೇಚ್ಛೆಯಿಂದ ದುಡಿಯುವವರುಂಟೆ? ಆದುದರಿಂದ ದಿಬ್ಬವೊಂದರ ಗೋಡೆಯು ಗುಲಾಮರನ್ನು ತಡೆಯಲು ಕಟ್ಟಿದುದೆಂದು ಊಹಿಸಿದರು. ದಿಬ್ಬಕ್ಕೆ ‘ಗುಲಾಮರ ಗುಡ್ಡ’ವೆಂಬ ಹೆಸರೂ ನಿಂತಿತು. 1969ರಲ್ಲಿ ಬೆನೊ ರೋಥೆನ್‌ಬರ್ಗರು ಹಾಥೋರ್ ದೇವಿಯ ಗುಡಿಯನ್ನು ಅಗೆದು ತೆಗೆದಾಗ ಈಜಿಪ್ತದ ಅರಸರ ಹೆಸರುಗಳು ದೊರೆತವು. ಗಣಿಗಳು ಕ್ರಿ.ಪೂ. 13 ಮತ್ತು 12ನೆಯ ಶತಮಾನಗಳವೆಂದಾಗಿ, ಗ್ಲೂಕರ ಮತವು ಹಿಂದೆ ಬಿದ್ದಿತು. 2012ರಿಂದ ಎರೆಜ್ ಬೆನ್-ಯೋಸೆಫರು ನಡೆಸಿದ ಶೋಧನೆಯಲ್ಲಿ, ಇಂಗಾಲದ ಪರೀಕ್ಷೆಯಿಂದ, 10ನೆಯ ಶತಮಾನವೇ ಈ ಉದ್ಯಮದ ಉಚ್ಛ್ರಾಯಕಾಲವೆಂದು ಸಿದ್ಧವಾಯಿತು. ಆದರೆ ಕಾಲವು ಹೊಂದಿದ ಮಾತ್ರಕ್ಕೆ ಒಡೆತನವು ಸಿದ್ಧಿಸದು. ಸೊಲೊಮೋನನ ಹೆಸರುಳ್ಳ ಶಾಸನವೊಂದೂ ಅಲ್ಲಿ ದೊರೆತಿಲ್ಲ. ಅದು ಎದೋಮ್ ಜನಾಂಗದವರ ಉದ್ಯಮವೆಂದು ಬೆನ್-ಯೋಸೆಫರ ಅಭಿಪ್ರಾಯ.

ಗುಲಾಮರ ಮಾತೂ ನಿಲ್ಲಲಿಲ್ಲ. ಒಣಹವೆಯಲ್ಲಿ ಕೆಡದೆ ಉಳಿದ ಅವಶೇಷಗಳಲ್ಲಿ ಆಡುಕುರಿಗಳ ಮೂಳೆ, ದೂರದ ಸಮುದ್ರದಿಂದ ತಂದ ಮೀನು, ದ್ರಾಕ್ಷಿಯ ಬೀಜ ಇವೆಲ್ಲ ಕಂಡುಬಂದವು. ಸಮುದ್ರದ ಶಂಖಜೀವಿಯಿಂದ ತೆಗೆದ ಬಹುಮೂಲ್ಯವಾದ ನೇರಳೆ ಬಣ್ಣವನ್ನೂರಿಸಿದ ಬಟ್ಟೆಯ ಚೂರುಗಳ ವಿಷಯವು 2021ರಲ್ಲಿ ಪ್ರಕಟವಾಯಿತು. ಕುಲುಮೆಯ ಮುಂದೆ ನಿಂತವರು ಮರ್ಯಾದೆ ಪಡೆದ ಕುಶಲಿಗಳೆಂಬುದಕ್ಕೆ ಇವೇ ಸಾಕ್ಷಿ. ಲೋಹವನ್ನು ಕರಗಿಸುವ ವಿದ್ಯೆಯನ್ನು ಬಲ್ಲವನಿಗೆ ಸಂಕೋಲೆ ಹಾಕಿ ಕೆಲಸ ತೆಗೆಯುವುದು ಸುಲಭವಲ್ಲವಷ್ಟೆ.

ಇಷ್ಟೆಲ್ಲ ನಡೆದ ಉದ್ಯಮವು ಏಕೆ ನಿಂತಿತು? ಅದಿರು ತೀರಿರಲಿಲ್ಲ, 20ನೆಯ ಶತಮಾನದಲ್ಲಿಯೂ ಅಲ್ಲಿ ತಾಮ್ರವನ್ನು ತೆಗೆದರು. 2022ರಲ್ಲಿ ಪ್ರಕಟವಾದ ಇದ್ದಿಲಿನ ಪರೀಕ್ಷೆಯು ಬೇರೊಂದು ಕಾರಣವನ್ನು ತೋರಿಸುತ್ತದೆ. ಮೊದಲು ಉತ್ತಮವಾದ ಜಾಲಿಯನ್ನು ಉರಿಸುತ್ತಿದ್ದವರು ಬರಬರುತ್ತ ಕೀಳು ಸೌದೆಗೆ ಇಳಿದರು. ಕಡೆಗೆ ಅದೂ ದೊರೆಯದೆ ಹೋಯಿತು. ಕಡಿದ ಮರಗಳ ಜಾಗದಲ್ಲಿ ಆ ಕಣಿವೆಯ ಹಸುರು ಇಂದಿಗೂ ಮೊದಲಿನಂತೆ ಚಿಗುರಿಲ್ಲ.