ಹೊಲದಲ್ಲಿ ಕಡಿಮೆ ಬಿದ್ದಿದ್ದು ಯಾವುದು?

10 ಚಕ್ರ ಇವೆ, 6 ನೊಗ ಇವೆ. ಎಷ್ಟು ಎತ್ತಿನ ಗಾಡಿ ಮಾಡಬಹುದು? ಎಣಿಸಿದರೆ ನೊಗವೇ ಕಡಿಮೆ. ಆದರೆ ಒಂದು ಗಾಡಿಗೆ ಎರಡು ಚಕ್ರ ಬೇಕು. ಹಾಗಾಗಿ ಆಗುವುದು ಐದೇ ಗಾಡಿ, ಒಂದು ನೊಗ ಮಿಕ್ಕುತ್ತದೆ. ಕೊರತೆ ಬಿದ್ದಿದ್ದು ಚಕ್ರಕ್ಕೆ. ರಾಸಾಯನಿಕ ಕ್ರಿಯೆಯಲ್ಲಿ ಹೀಗೆ ಮೊದಲು ಮುಗಿದು ಕೆಲಸ ನಿಲ್ಲಿಸುವ ವಸ್ತುವನ್ನು ಪಿಯುಸಿ ಪಾಠದಲ್ಲಿ 'ಲಿಮಿಟಿಂಗ್ ರಿಯಾಕ್ಟೆಂಟ್' ಎನ್ನುತ್ತಾರೆ.

ಈ ಲೆಕ್ಕಕ್ಕೆ ಬುನಾದಿ ಹಾಕಿದವರಲ್ಲಿ ಜರ್ಮನಿಯ ಜೆರೆಮಿಯಾಸ್ ರಿಕ್ಟರ್ ಒಬ್ಬರು. ಇಷ್ಟು ಕ್ಷಾರಕ್ಕೆ ಇಷ್ಟೇ ಆಮ್ಲ ಬೇಕು ಎಂದು ಅವರು ತೂಗಿ ನೋಡಿದರು. 1792ರಲ್ಲಿ ಈ ವಿದ್ಯೆಗೆ 'ಸ್ಟಾಯ್ಕಿಯೋಮೆಟ್ರಿ' ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಆ ಪದಕ್ಕೆ ಮೂಲವಸ್ತುಗಳ ಅಳತೆ ಎಂದರ್ಥ.

ಅದೇ ಜರ್ಮನಿಯಲ್ಲಿ ಈ ಯೋಚನೆ ಹೊಲಕ್ಕೂ ಇಳಿಯಿತು. ಗಿಡಕ್ಕೆ ಬೇಕಾದ್ದರಲ್ಲಿ ಒಂದು ಕಡಿಮೆಯಾದರೂ ಉಳಿದವು ಎಷ್ಟಿದ್ದರೂ ಬೆಳೆ ಏಳದು ಎಂದು ಕಾರ್ಲ್ ಸ್ಪ್ರೆಂಗೆಲ್ 1828ರ ಸುಮಾರಿಗೆ ಬರೆದರು. ಅದನ್ನು ಊರೂರಿಗೆ ಮುಟ್ಟಿಸಿ ಹೆಸರು ಪಡೆದವರು ಯುಸ್ಟಸ್ ಲೀಬಿಗ್.

ನಿಯಮ ಗೊತ್ತಿದ್ದ ಲೀಬಿಗ್ ಕೊರತೆ ಗುರುತಿಸುವಲ್ಲೇ ಎಡವಿದರು. ಸಾರಜನಕ ಗಾಳಿ, ಮಳೆಯಿಂದಲೇ ಸಾಕಷ್ಟು ಸಿಗುತ್ತದೆ, ಕೊಡಬೇಕಾದ್ದು ಖನಿಜಗಳನ್ನು ಎಂದು ವಾದಿಸಿದರು. 1845ರಲ್ಲಿ ಅವರ ಗೊಬ್ಬರ ಮಾರುಕಟ್ಟೆಗೆ ಬಂತು. ಮಳೆಗೆ ಕೊಚ್ಚಿ ಹೋಗಬಾರದೆಂದು ಅದನ್ನು ನೀರಿನಲ್ಲಿ ಸುಲಭಕ್ಕೆ ಕರಗದಂತೆ ಮಾಡಿದ್ದರು. ಹಾಗಾಗಿ ಬೇರಿಗೂ ಸಿಗಲಿಲ್ಲ, ಗೊಬ್ಬರ ಸೋತಿತು. ಇತ್ತ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ 1843ರಿಂದ ಗೋಧಿ ಹೊಲವನ್ನು ಪಟ್ಟಿ ಪಟ್ಟಿಯಾಗಿ ಹಂಚಿ ಬೇರೆ ಬೇರೆ ಗೊಬ್ಬರ ಹಾಕಿ ಅಳೆಯುತ್ತಿದ್ದರು. ಬರೀ ಖನಿಜ ಕೊಟ್ಟ ಕಡೆ ಇಳುವರಿ ಅಷ್ಟಾಗಿ ಏರಲಿಲ್ಲ. ಸಾರಜನಕ ಸೇರಿಸಿದ ಕಡೆ ಏರಿತು. ಅಲ್ಲಿ ಕಡಿಮೆ ಬಿದ್ದಿದ್ದು ಸಾರಜನಕ.

ಮುಂದೆ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ಕಾರ್ಖಾನೆ ಶುರುವಾಯಿತು. ಆ ಲೆಕ್ಕವನ್ನೂ ನೋಡೋಣ. 28 ಕೆ.ಜಿ. ಸಾರಜನಕಕ್ಕೆ 6 ಕೆ.ಜಿ. ಜಲಜನಕ ಸೇರಿದರೆ 34 ಕೆ.ಜಿ. ಅಮೋನಿಯಾ. ಜಲಜನಕ 10 ಕೆ.ಜಿ. ಕೊಟ್ಟರೆ? ತೂಕದಲ್ಲಿ ಈಗಲೂ ಜಲಜನಕವೇ ಕಡಿಮೆ. ಆದರೂ ಮೊದಲು ಮುಗಿಯುವುದು ಸಾರಜನಕ. ಕ್ರಿಯೆ ಪೂರ್ತಿ ನಡೆದರೂ ಸಿಗುವುದು ಅದೇ 34 ಕೆ.ಜಿ., 4 ಕೆ.ಜಿ. ಜಲಜನಕ ಹಾಗೇ ಉಳಿಯುತ್ತದೆ.

ನಮ್ಮ ಹೊಲಕ್ಕೆ ಬರುವ ಯೂರಿಯಾ ಇಂಥ ಅಮೋನಿಯಾದಿಂದಲೇ ಆಗುತ್ತದೆ. ಅದರಲ್ಲಿರುವ ಪೋಷಕಾಂಶ ಶೇ 46ರಷ್ಟು ಸಾರಜನಕ ಒಂದೇ. ರಂಜಕ ಇಲ್ಲ, ಪೊಟ್ಯಾಷ್ ಇಲ್ಲ. ಹೊಲಕ್ಕೆ ಸತುವೋ ಪೊಟ್ಯಾಷೋ ಕೊರತೆಯಾಗಿದ್ದರೆ ಇನ್ನೊಂದು ಚೀಲ ಯೂರಿಯಾ ಸುರಿಯುವುದು ಚಕ್ರವಿಲ್ಲದ ಗಾಡಿಗೆ ಮತ್ತೊಂದು ನೊಗ ತಂದಂತೆ. ಪಕ್ಕದವರು ಎಷ್ಟು ಹಾಕಿದರು ಎಂದು ಕೇಳಿದರೆ ನಮ್ಮ ಹೊಲದ ಕೊರತೆ ತಿಳಿಯುವುದಿಲ್ಲ. ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಬಂದ ಚೀಟಿಯಲ್ಲಿ ಯಾವುದರ ಮುಂದೆ 'ಕಡಿಮೆ' ಎಂದಿದೆ ಎಂದು ಮೊದಲು ಓದೋಣ.