ಬ್ಯಾರನ್ನಿನ ಬಿಸಿ, ಎಲೆಯ ದೂರು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳ ಹೊಲಗಳ ಮಗ್ಗುಲಲ್ಲಿ ನಿಂತಿರುವ ಎತ್ತರದ, ಕಿಟಕಿಗಳಿಲ್ಲದ ಚೌಕ ಕಟ್ಟಡಗಳೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ಕೆ.ಆರ್. ನಗರದ ಸೀಮೆಯಲ್ಲಿ ನಾಲೆಯ ಕೆಳಗೆ ಭತ್ತ. ನೀರು ಹತ್ತದ ಕೆಂಪು ಮಣ್ಣಿನ ದಿಣ್ಣೆಯಲ್ಲಿ ವರ್ಜೀನಿಯಾ ತಂಬಾಕು. ಬ್ಯಾರನ್ನಿನ ಒಲೆ ಹೊರಗಿನಿಂದ ಉರಿಯುತ್ತದೆ. ಅದರ ಕಾವು ನೆಲದ ಮೇಲೆ ಹಾಯಿಸಿದ ತಗಡಿನ ಕೊಳವೆಗಳಲ್ಲಿ ಸುತ್ತಿ ಬರುತ್ತದೆ. ಎಲೆಗೆ ಬಿಸಿ ಮಾತ್ರ ಮುಟ್ಟಬೇಕು, ಹೊಗೆ ತಾಗಕೂಡದು.

ಈ ಪದ್ಧತಿಯ ಮೂಲ ಅಮೆರಿಕದ ಉತ್ತರ ಕ್ಯಾರೊಲಿನಾ. 1839ರಲ್ಲಿ ಅಲ್ಲಿನ ಸ್ಲೇಡ್ ಮನೆತನದ ತೋಟದಲ್ಲಿ ಸ್ಟೀಫನ್ ಎಂಬ ಗುಲಾಮ ಕಾವಲಿದ್ದಾಗ ಬೆಂಕಿ ಆರುತ್ತ ಬಂತು. ಅವಸರದಲ್ಲಿ ಇದ್ದಿಲು ಸುರಿದ. ದಿಢೀರನೆ ಏರಿದ ಕಾವಿಗೆ ಎಲೆ ಕಂದಾಗದೆ ಹೊಂಬಣ್ಣಕ್ಕೆ ತಿರುಗಿತೆಂದು ಪ್ರತೀತಿ. ಇದ್ದಿಲಿನ ಜಾಗಕ್ಕೆ ಕೊಳವೆ ಬಂದದ್ದು ಆಮೇಲೆ.

ಭಾರತದಲ್ಲಿ ಈ ಬೇಸಾಯ 1920ರ ದಶಕದಲ್ಲಿ ಗುಂಟೂರಿನ ಕಪ್ಪು ಮಣ್ಣಿನಲ್ಲಿ ಬೇರೂರಿತು. ಮೈಸೂರು ಸಂಸ್ಥಾನಕ್ಕೂ ಅದು ಸ್ವಾತಂತ್ರ್ಯಕ್ಕೆ ಮುಂಚೆಯೇ ಬಂತು. ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ 1957ರಲ್ಲಿ ಹುಣಸೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಆಂಧ್ರದ ಕಪ್ಪು ಮಣ್ಣಿನದು ಚಳಿಗಾಲದ ಬೆಳೆ, ಇಲ್ಲಿನದು ಮಳೆಗಾಲದ್ದು. ಏಪ್ರಿಲ್-ಮೇ ತಿಂಗಳಲ್ಲಿ ಸಸಿ ನೆಟ್ಟರೆ ಸೊಪ್ಪು ಮುರಿಯುವುದು ಜುಲೈ ನಂತರ, ಜಡಿಮಳೆಯಲ್ಲಿ. ನೀರು ಕುಡಿದ ಎಲೆ ಬ್ಯಾರನ್ ಸೇರುವುದರಿಂದ ಮೈಸೂರು ಸೀಮೆಯ ಬೇಯಿಸುವ ಕಷ್ಟವೇ ಬೇರೆ.

ಮುರಿದ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಅಂತಸ್ತು ಅಂತಸ್ತಾಗಿ ತೂಗುಹಾಕಿ, ಸುಮಾರು ಐದಾರು ದಿನ ಹಗಲಿರುಳೂ ಒಲೆ ಕಾಯಬೇಕು. ಮೊದಲ ಹಂತ ಹಳದಿಗೆ ತಿರುಗಿಸುವುದು: 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಕಾವು, ಒಳಗೆ ಸಾಕಷ್ಟು ತೇವ. ಆಗ ಎಲೆ ಇನ್ನೂ ಜೀವಂತವಿದ್ದು, ಹಸಿರು ಕರಗಿ ಪಿಷ್ಟ ಸಕ್ಕರೆಯಾಗುತ್ತದೆ. ಬಳಿಕ ಗಾಳಿಕಿಂಡಿ ತೆರೆದು, ಕಾವನ್ನು ಮೆಲ್ಲಗೆ ಏರಿಸಿ ಬಣ್ಣವನ್ನು ನಿಲ್ಲಿಸುವುದು; ಆಮೇಲೆ ಎಲೆ ಒಣಗಿಸುವುದು; ಕೊನೆಗೆ 160 ಡಿಗ್ರಿಯವರೆಗೆ ಏರಿಸಿ ದಪ್ಪ ನಡುನರವನ್ನು ಒಣಗಿಸುವುದು.

ತಪ್ಪು ಎಲ್ಲಾಯಿತೆಂದು ಹೇಳುವುದು ಎಲೆಯೇ. ಹಸಿರು ಉಳಿದಿದ್ದರೆ ಬಣ್ಣ ತಿರುಗುವ ಮೊದಲೇ ಕಾವು ಏರಿದೆ. ಹಳದಿ ಎಲೆಯ ಮೇಲೆ ಸ್ಪಂಜಿನಂಥ ಕಂದು ಮಚ್ಚೆ ಹರಡಿದ್ದರೆ ಬಣ್ಣ ಬಂದ ಮೇಲೂ ತೇವ ಹೊರಹೋಗಿಲ್ಲ, ಕಿಂಡಿ ತೆರೆಯಲು ತಡವಾಗಿದೆ. ಒದ್ದೆ ಎಲೆಗೆ ಒಮ್ಮೆಲೇ ಉರಿ ಕೊಟ್ಟರೆ ಬೆಂದಂತೆ ಕಪ್ಪಗಾಗುತ್ತದೆ. ನಡುನರ ಮುರಿಯದೆ ಬಾಗಿದರೆ ಕೊನೆಯ ಹಂತವನ್ನು ಬೇಗ ಮುಗಿಸಲಾಗಿದೆ, ಆ ಸೊಪ್ಪು ಬೇಲಿನಲ್ಲಿ ಬೂಷ್ಟು ಹಿಡಿಯುತ್ತದೆ. ಕಡ್ಡಿ ಜಾರಿ ಕಾದ ಕೊಳವೆಯ ಮೇಲೆ ಬಿತ್ತೋ, ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ದೋಷ ಕಣ್ಣಿಗೆ ಬೀಳುವ ಹೊತ್ತಿಗೆ ಬಹುತೇಕ ತಿದ್ದುವ ಕಾಲ ಮೀರಿರುತ್ತದೆ. ಆದ್ದರಿಂದಲೇ ಉಷ್ಣಮಾಪಕಕ್ಕೆ, ಅದರ ಜೊತೆಗೆ ಒದ್ದೆ ಬಟ್ಟೆ ಸುತ್ತಿ ತೇವ ಅಳೆಯುವ ಇನ್ನೊಂದು ಮಾಪಕಕ್ಕೆ ಇಲ್ಲಿ ಬೆಲೆ ಬಂದದ್ದು. ಆದರೂ ಅನುಭವಿಯಾದವನು ಎಲೆಯ ತುದಿಯನ್ನು ಮುಟ್ಟಿ ನೋಡದೆ ಮಾಪಕವೊಂದನ್ನೇ ನಂಬುವುದಿಲ್ಲ, ಅದು ಸರಿಯೂ ಹೌದು: ಒಂದೇ ಬ್ಯಾರನ್ನಿನ ಮೇಲಂತಸ್ತಿಗೂ ಕೆಳಗಿನದಕ್ಕೂ ಕಾವು ಸಮನಲ್ಲ.

1975ರ ಕಾಯ್ದೆಯಂತೆ ತಂಬಾಕು ಮಂಡಳಿ 1976ರ ಜನವರಿ 1ರಂದು ಅಸ್ತಿತ್ವಕ್ಕೆ ಬಂತು. ಬೆಳೆಗಾರನಿಗೂ ಬ್ಯಾರನ್ನಿಗೂ ಪರವಾನಗಿ ಬೇಕಾಯಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾದ ಮೇಲೆ ಹಸಿರು, ಮಚ್ಚೆ, ಕಪ್ಪುಗಳೆಲ್ಲ ಗ್ರೇಡ್ ಇಳಿಸುವ ಲೆಕ್ಕಗಳಾದವು. ಒಂದು ರಾತ್ರಿಯ ತೂಕಡಿಕೆಯ ದಂಡವನ್ನು ವಾರಗಳ ನಂತರ ಹರಾಜು ಕಟ್ಟೆಯಲ್ಲಿ ತೆರಬೇಕಾಗುತ್ತಿತ್ತು.

ಉಳಿದ ತೊಡಕು ಸೌದೆಯದು. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕು. ಮರಗಳು ಬರಿದಾಗುವುದನ್ನು ತಡೆಯಲು ಕಾಫಿ ಹೊಟ್ಟು ಮುಂತಾದ ಬದಲಿ ಉರುವಲು ಬಂದವು, ಕಾವು ಸೋರದಂತೆ ಮಾಡು-ಗೋಡೆಗಳಿಗೆ ಹೊದಿಕೆ ಬಂತು. ಇದರಿಂದ ಸೌದೆಯಷ್ಟೇ ಉಳಿಯುವುದಲ್ಲ. ಹಸಿ ಸೌದೆ ಹಾಕಿದಾಗ ಕಾವು ಕುಸಿದು, ಅದನ್ನು ಸರಿದೂಗಿಸಲು ಹೋಗಿ ಉರಿ ಹೆಚ್ಚಾಗಿ ಎಲೆ ಕೆಡುವ ಹಳೆಯ ದೋಷವೂ ಕಡಿಮೆಯಾಗುತ್ತದೆ.